ನಗುವ ಹಕ್ಕು ನೊಂದವರದ್ದು

1942ರಲ್ಲಿ ಬೆಂಗಳೂರಿನ ವೈದ್ಯರೊಬ್ಬರು ನಗೆಗೆಂದೇ ಒಂದು ಪತ್ರಿಕೆ ಶುರುಮಾಡಿದರು. ಅವರು ಡಾ. ಎಂ. ಶಿವರಾಂ, ಕನ್ನಡಿಗರ ಪ್ರೀತಿಯ ‘ರಾಶಿ’. ಪತ್ರಿಕೆ ‘ಕೊರವಂಜಿ’. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅಚ್ಚಾದದ್ದು ಅಲ್ಲಿಯೇ. ಇದೇ ರಾಶಿಯವರು ಮನಸ್ಸಿನ ಕಾಯಿಲೆಗಳ ಬಗ್ಗೆಯೂ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಎರಡನೆಯ ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನಗೆಯೂ ಮನೋರೋಗವೂ ಒಬ್ಬರದೇ ಮೇಜಿನ ಮೇಲಿದ್ದದ್ದು ನನಗಂತೂ ತೀರಾ ಸಹಜವಾಗಿ ಕಾಣುತ್ತದೆ.

ರಾಶಿ ಹುಟ್ಟಿದ 1905ರಲ್ಲೇ ವಿಯೆನ್ನಾದಲ್ಲಿ ಹುಟ್ಟಿದವರು ಮನೋವೈದ್ಯ ವಿಕ್ಟರ್ ಫ್ರಾಂಕಲ್. ನಾಜಿಗಳು ಅವರನ್ನು ಯಾತನಾಶಿಬಿರವಾದ ಆಶ್ವಿತ್ಜ್‌ಗೆ, ಅಲ್ಲಿಂದ ಡಖಾವ್‌ನ ಉಪಶಿಬಿರಗಳಿಗೆ ಸಾಗಿಸಿದರು. ಹೆಂಡತಿ, ತಂದೆ, ತಾಯಿ ಯಾರೂ ಉಳಿಯಲಿಲ್ಲ. ಒಂದು ಶಿಬಿರದಲ್ಲಿ ಪಕ್ಕದಲ್ಲೇ ದುಡಿಯುತ್ತಿದ್ದ ಗೆಳೆಯನಿಗೆ ಅವರು ಒಂದು ಪಾಠ ಹೇಳಿಕೊಟ್ಟರು: ಬಿಡುಗಡೆಯಾದ ಮೇಲೆ ನಡೆಯಬಹುದಾದ ಒಂದು ತಮಾಷೆಯ ಕಥೆಯನ್ನು ದಿನಕ್ಕೊಂದರಂತೆ ಇಬ್ಬರೂ ಕಟ್ಟಬೇಕು. ಅಲ್ಲಿ ಕೊಡುತ್ತಿದ್ದದ್ದು ನೀರಿನಂಥ ಸೂಪು. ಕಾಳೇನಾದರೂ ಇದ್ದರೆ ತಳದಲ್ಲಿ. ಮುಂದೊಂದು ದಿನ ಯಾರದೋ ಮನೆಯ ಔತಣದಲ್ಲಿ ಕೂತಾಗಲೂ ಮೈಮರೆತು, ‘ತಾಯೀ, ತಳದಿಂದ ಬಡಿಸಿ’ ಅಂತ ಬೇಡಿಕೊಂಡುಬಿಟ್ಟರೆ? ಹೀಗೆ ಕಲ್ಪಿಸಿಕೊಂಡು ಇತರ ಕೈದಿಗಳೂ ನಗುತ್ತಿದ್ದರು. ಹಸಿವು ಹಾಗೇ ಇತ್ತು. ಆದರೆ ಆ ಹಸಿವನ್ನು ಒಂದು ಗಳಿಗೆ ದೂರ ನಿಂತು ನೋಡಲು ಅವರಿಗೆ ಸಾಧ್ಯವಾಯಿತು. ನಗೆಯಿಂದ ಸಿಗುವುದು ಅಷ್ಟೇ, ಅದೇನೂ ಕಡಿಮೆಯಲ್ಲ.

ಫ್ರಾಂಕಲ್ ಇದನ್ನು ಚಿಕಿತ್ಸೆಯಲ್ಲೂ ಬಳಸಿದರು. ಒಬ್ಬ ಯುವಕನಿಗೆ ಜನರೆದುರು ಬೆವರಿಬಿಡುತ್ತೇನೆಂಬ ಭಯ. ಆ ಭಯಕ್ಕೇ ಬೆವರು ಕಿತ್ತುಬರುತ್ತಿತ್ತು. ‘ಈ ಸಲ ಎಷ್ಟು ಬೆವರಬಲ್ಲೆ ಅಂತ ಬೇಕೆಂದೇ ತೋರಿಸು’ ಎಂದರು ವೈದ್ಯರು. ಹತ್ತುಪಟ್ಟು ಸುರಿಸುತ್ತೇನೆಂದು ಆತ ಪಣತೊಟ್ಟ. ನಾಲ್ಕು ವರ್ಷ ಕಾಡಿದ ಭಯ ವಾರದೊಳಗೆ ಬಿಟ್ಟಿತು.

ಗಮನಿಸಬೇಕಾದ್ದು, ಇಲ್ಲೆಲ್ಲ ನಕ್ಕವರು ನೊಂದವರೇ. ‘ಸ್ಕ್ರೂ ಲೂಸು’, ‘ನಿಮ್ಹಾನ್ಸಿಗೆ ಸೇರಿಸ್ಬೇಕು ನಿನ್ನ’ ಎಂದು ನಾವು ಹಾರಿಸುವ ಚಟಾಕಿಯೇ ಬೇರೆ. ಅದನ್ನು ಕೇಳಿದವರು ತಮ್ಮ ಖಿನ್ನತೆಯನ್ನು ಇನ್ನಷ್ಟು ಒಳಗೆ ಹೂತಿಡುತ್ತಾರೆ, ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಂಜುತ್ತಾರೆ. ಇದು ಕ್ರೌರ್ಯ, ಬೇರೆ ಹೆಸರು ಬೇಡ.

ನೊಂದವರ ನಗೆಯಲ್ಲೂ ಎಚ್ಚರ ಬೇಕಾದದ್ದೊಂದಿದೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕಷ್ಟದಲ್ಲೂ ತಮಾಷೆ ಕಾಣುವ ಬಗೆ ನೆಮ್ಮದಿಯ ಜೊತೆ ಹೋಗುತ್ತದೆ. ಇತರರನ್ನು ಮೆಚ್ಚಿಸಲು ತನ್ನನ್ನೇ ತುಚ್ಛೀಕರಿಸಿಕೊಳ್ಳುವ ಬಗೆ ಖಿನ್ನತೆಯ ಜೊತೆ. ‘ನಿದ್ದೆಗೂ ನನಗೂ ಮಾತುಕತೆ ನಿಂತಿದೆ’ ಎನ್ನುವ ಗೆಳತಿಯ ಜೊತೆ ಧಾರಾಳವಾಗಿ ನಗಬಹುದು, ನಕ್ಕಮೇಲೆ ‘ಎಷ್ಟು ದಿನದಿಂದ?’ ಎಂದು ಕೇಳಲೂಬೇಕು. ‘ನಾನಿದ್ದು ಯಾರಿಗೇನು ಲಾಭ’ ಎಂದು ಯಾರಾದರೂ ಮತ್ತೆಮತ್ತೆ ನಗಿಸುತ್ತಿದ್ದರೆ ನಗಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ವಿಚಾರಿಸಿ, ವೈದ್ಯರ ಬಳಿ ಜೊತೆಗೆ ಹೋಗಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.