ಆಟಿ ಕಳೆಯಿತು, ಹಿಡಿಸೂಡಿ ತೆಗೆಯಿರಿ!

ಆಲಂಕಾರು: ಆಟಿ ಮಳೆ ಮುಗಿಯುವಾಗ ನಮ್ಮ ಮನೆಗಳ ಅವಸ್ಥೆ ಹೇಳಬೇಕೇ? ಗೋಡೆಗೆ ಬೂಸು, ಅಂಗಳದಲ್ಲಿ ಕಾಲಿಟ್ಟಲ್ಲಿ ಜಾರುವ ಪಾಚಿ, ಅಟ್ಟದಲ್ಲಿ ಇಲಿ. ಆಟಿ ಕಳೆಂಜ ಮನೆಮನೆಗೆ ಬಂದು, ಕೊಡೆ ತಿರುಗಿಸಿ ಕುಣಿದು, ಊರಿನ ಮಾರಿ ಓಡಿಸುತ್ತಾನೆಂಬುದು ಹಿರಿಯರ ನಂಬಿಕೆ. ಆದರೆ ಮಾರಿ ಓಡಿಸುವ ಕಳೆಂಜ ಅಂಗಳ ಗುಡಿಸಿ ಕೊಡುವುದಿಲ್ಲ ಸ್ವಾಮಿ! ಅದು ಮನೆಯವರದ್ದೇ ಕೆಲಸ. ಸೋಣ ಬಂತೆಂದರೆ ಹೊಸ್ತಿಲು ತೊಳೆದು ಪೂಜೆ ಮಾಡಬೇಕಲ್ಲ?

ಆಗಸ್ಟ್ ನಡುವಿಗೆ ಸೋಣ ಹುಟ್ಟುತ್ತದೆ. ಅದೇ ಹೊತ್ತಿಗೆ ಊರಿಗೂ ಒಂದು ಗುಡಿಸುವ ಕೆಲಸ ಉಂಟು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ವರೆಗೆ ಗ್ರಾಮ ಪಂಚಾಯತುಗಳಲ್ಲಿ ಜಮಾಬಂದಿ.

ಬ್ರಿಟಿಷರ ಕಾಲದಲ್ಲಿ ಜಮಾಬಂದಿಯೆಂದರೆ ಕಂದಾಯದ ಲೆಕ್ಕ. ದೊರೆಗಳು ರೈತನನ್ನು ಕೇಳುತ್ತಿದ್ದರು. ಈಗ ಅದು ತಿರುಗಿದೆ. ರೈತ ಪಂಚಾಯತನ್ನು ಕೇಳಬಹುದು. ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ ಎಷ್ಟು ಬಂತು, ಯಾವುದಕ್ಕೆ ಹೋಯಿತು, ಬಿಲ್ಲು ಎಲ್ಲಿ, ಎಲ್ಲವೂ ಜನರ ಎದುರು ಬರಬೇಕು. ಕಡತ ನೋಡಿದರೆ ಸಾಲದು, ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬೇಕು. ಕಾಗದದಲ್ಲಿ ಮೋರಿ ಇದ್ದು ದಾರಿಯಲ್ಲಿ ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆದರೆ ಕೇಳುವವರು ಬೇಕಲ್ಲ? ಮನೆ ಮಂಜೂರಾತಿ ಪಟ್ಟಿ ಓದುವ ದಿನ ಕುರ್ಚಿ ಸಾಲದು, ಲೆಕ್ಕ ಓದುವ ದಿನ ಕುರ್ಚಿ ಖಾಲಿ. ಇದು ಆಲಂಕಾರಿನ ಮೇಲಿನ ದೂರಲ್ಲ, ಎಲ್ಲ ಊರಿನ ಕತೆ. ಆಮೇಲೆ ಹೋಟೆಲಿನಲ್ಲಿ ಚಾ ಕುಡಿಯುತ್ತ "ಎಲ್ಲ ತಿಂದು ಹಾಕಿದರು ಮಾರಾಯ್ರೆ" ಎನ್ನುವುದು. ತಿಂದದ್ದು ಹೌದೋ ಅಲ್ಲವೋ, ನೋಡಿದವರು ಯಾರು? ಪ್ರಾಮಾಣಿಕನಿಗೂ ಇದರಿಂದ ಅನ್ಯಾಯವೇ.

2013ರ ರಾಜ್ಯ ಬಜೆಟಿನಲ್ಲಿ ಕಡಬ ತಾಲೂಕು ಘೋಷಣೆಯಾಯಿತು. ಪುತ್ತೂರಿಗೆ ಸೇರಿದ್ದ ಆಲಂಕಾರು ಈಗ ಕಡಬಕ್ಕೆ ಸೇರಿದೆ. ಕಚೇರಿ ಹತ್ತಿರವಾಯಿತು, ಒಳ್ಳೆಯದೇ. ಆದರೆ ಬೋರ್ಡು ಬದಲಾದ ಮಾತ್ರಕ್ಕೆ ಒಳಗಿನ ಕಸ ಹೋಗುವುದಿಲ್ಲ. ಅದಕ್ಕೆ ಹಿಡಿಸೂಡಿಯೇ ಬೇಕು.

ಇನ್ನೊಂದು ಮಾತು, ಬೇಸರ ಮಾಡಬೇಡಿ. ದಾರಿದೀಪ ಯಾಕಿಲ್ಲವೆಂದು ಕೇಳಲು ಎದ್ದು ನಿಲ್ಲುವ ಮೊದಲು ನಮ್ಮ ಮನೆ ತೆರಿಗೆ ಬಾಕಿ ಎಷ್ಟು ವರ್ಷದ್ದೆಂದು ನೋಡಿಕೊಳ್ಳೋಣ. ಬಾಕಿದಾರನ ಪ್ರಶ್ನೆಗೆ ಗಟ್ಟಿ ಸ್ವರ ಬರುವುದಿಲ್ಲ.

ಈ ಸೋಣದಲ್ಲಿ ನಿಮ್ಮ ಹೊಸ್ತಿಲು ತೊಳೆಯಿರಿ. ಕೈ ಒರೆಸಿಕೊಂಡು ಒಂದು ಗಳಿಗೆ ಪಂಚಾಯತಿಗೂ ಬನ್ನಿ. ಅದೂ ನಮ್ಮದೇ ಮನೆ. ಏನಂತೀರಿ?