ಗಾಳಿ ಬಿದ್ದ ಮೇಲೆ ಆಟ
(ಬಾನುಲಿ ಭಾಷಣ)

ಅಘನಾಶಿನಿ ನದಿಯು ಕಡಲನ್ನು ಸೇರುವ ಅಳಿವೆಯ ಬಡಗಣ ದಂಡೆಯಲ್ಲಿ ತದಡಿ ಇದೆ. ಕುಮಟಾ ತಾಲೂಕಿನ ಈ ಊರು ಮೀನುಗಾರಿಕೆಯ ಬಂದರೆಂದು ಎಲ್ಲರಿಗೂ ಪರಿಚಿತ. ಒಂದು ಇಳಿಹೊತ್ತಿನಲ್ಲಿ ನಾನು ಆ ದಂಡೆಯಲ್ಲಿ ನಡೆದು ಬರುತ್ತಿದ್ದಾಗ, ಮೀನು ಒಣಗಿಸುವ ಬಯಲಿನ ಬದಿಯಲ್ಲಿ ನಾಲ್ವರು ಹುಡುಗರು ಸುಮ್ಮನೆ ಕುಳಿತಿದ್ದುದನ್ನು ಕಂಡೆ. ಎರಡು ಅಡಕೆಯ ಕಂಬಗಳ ನಡುವೆ ಹಳೆಯ ಮೀನುಬಲೆಯ ತುಂಡೊಂದನ್ನು ಬಿಗಿದಿದ್ದರು. ಕೈಯಲ್ಲಿ ಬ್ಯಾಡ್ಮಿಂಟನ್ ರಾಕೆಟ್ಟುಗಳಿದ್ದವು. ಎಲ್ಲವೂ ಸಿದ್ಧವಿದ್ದೂ ಏಕೆ ಆಡುತ್ತಿಲ್ಲವೆಂದು ಕೇಳಿದೆ. ಅವರಲ್ಲಿ ಹಿರಿಯವನು, “ಗಾಳಿ ಬೀಳಲಿ ಮಾಸ್ತರೇ, ಆಮೇಲೆ ಆಟ” ಎಂದ.

ಆ ಹುಡುಗನ ಮಾತಿನಲ್ಲಿ ಬ್ಯಾಡ್ಮಿಂಟನ್ ಎಂಬ ಆಟದ ಶಾಸ್ತ್ರವೆಲ್ಲ ಅಡಗಿದೆ ಎಂದು ನನಗೆ ಅನಂತರ ತೋರಿತು.

ಹಗಲಿನಲ್ಲಿ ನೆಲವು ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಹಗುರಾಗಿ ಮೇಲಕ್ಕೇರುತ್ತದೆ. ಆ ತೆರವನ್ನು ತುಂಬಲು ಕಡಲ ಮೇಲಿನ ತಂಪುಗಾಳಿ ನುಗ್ಗಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಇದರ ರಭಸ ಹೆಚ್ಚು. ರಾತ್ರಿಯಲ್ಲಿ ನೆಲ ಬೇಗ ಆರುವುದರಿಂದ ಗಾಳಿ ತನ್ನ ದಿಕ್ಕನ್ನು ಬದಲಿಸಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಈ ಎರಡರ ನಡುವೆ, ಸಂಜೆ ಕವಿಯುವ ವೇಳೆಗೆ, ಗಾಳಿಯು ಸ್ವಲ್ಪ ಕಾಲ ತಟಸ್ಥವಾಗುತ್ತದೆ. ತದಡಿಯ ಹುಡುಗರು ಕಾಯುತ್ತಿದ್ದುದು ಆ ಸಂಧಿಕಾಲಕ್ಕಾಗಿ.

ಇಷ್ಟು ಕಾಯಿಸುವ ವಸ್ತುವಾದರೂ ಎಂಥದು? ಷಟಲ್ ಕಾಕ್ ಎಂದು ಕರೆಯುವ ಆ ಗರಿಚೆಂಡಿನ ತೂಕ 4.74 ಗ್ರಾಂನಿಂದ 5.50 ಗ್ರಾಂ ಮಾತ್ರ. ಚರ್ಮ ಹೊದಿಸಿದ ಬೆಂಡಿನ ಬುಡದಲ್ಲಿ ಹದಿನಾರು ಗರಿಗಳನ್ನು ನೆಟ್ಟಿರುತ್ತಾರೆ. ಬಲಿಷ್ಠ ಆಟಗಾರನ ಹೊಡೆತದಲ್ಲಿ ಅದು ಗಂಟೆಗೆ 400 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರಾಕೆಟ್ಟನ್ನು ಬಿಟ್ಟು ಹೊರಡಬಲ್ಲದು. ಆದರೆ ಹರಡಿದ ಗರಿಗಳು ಗಾಳಿಯನ್ನು ತಡೆಯುವುದರಿಂದ ಕ್ಷಣಾರ್ಧದಲ್ಲಿ ಅದರ ವೇಗ ಕುಂದುತ್ತದೆ. ಈ ವೇಗ ಮತ್ತು ಈ ಕುಂದುವಿಕೆ, ಇವೆರಡನ್ನೂ ಲೆಕ್ಕವಿಟ್ಟು ಆಡುವುದೇ ಆಟದ ಕೌಶಲ. ಗಾಳಿ ಬೀಸಿತೆಂದರೆ ಲೆಕ್ಕವೆಲ್ಲ ತಪ್ಪುತ್ತದೆ. ಗಾಳಿಯೇ ಮೂರನೆಯ ಆಟಗಾರನಾಗಿಬಿಡುತ್ತದೆ.

ನಮ್ಮ ನಾಡಿನವರು ಇದಕ್ಕೊಂದು ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಗರಿಯ ಬದಲು ಉಣ್ಣೆಯ ಚೆಂಡನ್ನು ಬಳಸುವ ಬಾಲ್ ಬ್ಯಾಡ್ಮಿಂಟನ್ ತಂಜಾವೂರಿನ ಕಡೆ ಹುಟ್ಟಿ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿತು. ಪಕ್ಷಕ್ಕೆ ಐವರಂತೆ ಬಯಲಿನಲ್ಲಿ ಆಡುವ ಈ ಆಟವನ್ನು ನಮ್ಮ ಶಾಲೆಗಳ ಅಂಗಳದಲ್ಲಿ ನೋಡದವರು ಯಾರು? ಉಣ್ಣೆಯ ಚೆಂಡು ಸಾಧಾರಣ ಗಾಳಿಗೆ ಜಗ್ಗುವುದಿಲ್ಲ. ಆದರೆ ಏಷ್ಯನ್ ಕ್ರೀಡಾಕೂಟವಾಗಲಿ ಕಾಮನ್‌ವೆಲ್ತ್ ಕ್ರೀಡಾಕೂಟವಾಗಲಿ ತಮ್ಮ ಪಂದ್ಯಾವಳಿಗೆ ಸೇರಿಸಿಕೊಂಡದ್ದು ಗರಿಯ ಆಟವನ್ನು. ಗರಿಯ ಆಟಕ್ಕೋ ಗೋಡೆ ಬೇಕು, ಸೂರು ಬೇಕು. ಒಳಾಂಗಣದಲ್ಲಿಯೂ ತಂಪುಯಂತ್ರಗಳ ಗಾಳಿ ಕಾಕನ್ನು ಅತ್ತಿತ್ತ ಒಯ್ಯುವುದುಂಟು. ಪ್ರತಿ ಗೇಮಿನ ಬಳಿಕ ಆಟಗಾರರು ಬದಿ ಬದಲಿಸುವ ನಿಯಮ, ಮೂರನೆಯ ಗೇಮಿನಲ್ಲಿ ನಡುವೆಯೂ ಒಮ್ಮೆ ಬದಲಿಸುವ ನಿಯಮ, ಇಂಥ ಅನುಕೂಲ ಪ್ರತಿಕೂಲಗಳನ್ನು ಇಬ್ಬರಿಗೂ ಸಮನಾಗಿ ಹಂಚುತ್ತದೆ.

ಹಾಗಾದರೆ ಗೋಡೆಯೂ ಸೂರೂ ದೊರೆತ ಹುಡುಗನೊಬ್ಬ ಏನಾಗಬಲ್ಲ? ಉತ್ತರಕ್ಕಾಗಿ ಇದೇ ಕರಾವಳಿಯಲ್ಲಿ ತೆಂಕಣಕ್ಕೆ, ಭಟ್ಕಳವನ್ನು ದಾಟಿ ಕುಂದಾಪುರದ ಕಡೆಗೆ ನೋಡಬೇಕು. ಅಲ್ಲಿನ ಪಡುಕೋಣೆ ಎಂಬ ಹಳ್ಳಿಯ ಹೆಸರನ್ನು ಹೊತ್ತ ಕುಟುಂಬವೊಂದು ಬೆಂಗಳೂರಿನಲ್ಲಿ ನೆಲೆಸಿತು. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಗಾಗಿ ದುಡಿದವರು. 1955ರಲ್ಲಿ ಹುಟ್ಟಿದ ಮಗ ಪ್ರಕಾಶ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಯ ಮಂಟಪವೂ ಆಗಿತ್ತು. ಮದುವೆ ಇದ್ದ ದಿನ ಆಟವಿಲ್ಲ. ಮದುವೆ ಇಲ್ಲದ ದಿನ ಅದೇ ಅಂಗಣ ಕ್ರೀಡಾಂಗಣ. ತದಡಿಯ ಹುಡುಗರು ಗಾಳಿ ಬೀಳುವುದನ್ನು ಕಾಯುವಂತೆ ಆ ಹುಡುಗ ವಾಲಗ ನಿಲ್ಲುವುದನ್ನು ಕಾದಿರಬೇಕು!

ಆ ಮದುವೆ ಮಂಟಪದ ಹುಡುಗ 1978ರಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ಪುರುಷರ ಸಿಂಗಲ್ಸ್ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಡೆರೆಕ್ ಟಾಲ್ಬಟ್ ಅವರನ್ನು ಸೋಲಿಸಿ ಚಿನ್ನದ ಪದಕ ಪಡೆದರು. ಆ ಕೂಟದ ಬ್ಯಾಡ್ಮಿಂಟನ್ನಿನಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನ ಅದು. ಇಂಥ ಕೂಟದ ಸಿಂಗಲ್ಸ್ ಕಠಿಣವಾದದ್ದು. ಸೋತವನಿಗೆ ಮುಂದಿನ ಸುತ್ತಿಲ್ಲ. ಒಂದು ಮಬ್ಬು ದಿನ ಸಾಕು, ನಾಲ್ಕು ವರ್ಷಗಳ ಸಿದ್ಧತೆ ಮುಗಿದಂತೆ. ಅಂದಿನ ನಿಯಮದಲ್ಲಿ ಸರ್ವ್ ಮಾಡುವವನಿಗೆ ಮಾತ್ರ ಅಂಕ ಸಿಗುತ್ತಿತ್ತು. ಎಷ್ಟೇ ಚೆನ್ನಾಗಿ ಆಡಿದರೂ ಮೊದಲು ಸರ್ವನ್ನು ಕಸಿದುಕೊಳ್ಳಬೇಕು, ಅನಂತರವೇ ಅಂಕ. ಹೀಗಾಗಿ ಆಟಕ್ಕೆ ತಾಳ್ಮೆ ಬೇಕಿತ್ತು. ಪ್ರತಿ ಹೊಡೆದಾಟಕ್ಕೂ ಅಂಕ ಕೊಡುವ, 21 ಅಂಕಗಳ ಪದ್ಧತಿ 2006ರಲ್ಲಿ ಬಂದಿತು. ಪ್ರಕಾಶರ ಆಟವೋ ತಾಳ್ಮೆಯದೇ. ಬಿರುಸಿನ ಹೊಡೆತಕ್ಕಿಂತ ಮಣಿಕಟ್ಟಿನ ನವಿರು, ಎದುರಾಳಿಯ ಎಣಿಕೆಯನ್ನು ತಪ್ಪಿಸುವ ಜಾಣ್ಮೆ ಅವರ ಬಂಡವಾಳ. ಎರಡು ವರ್ಷಗಳ ತರುವಾಯ, 1980ರಲ್ಲಿ, ಇಂಡೊನೇಷ್ಯದ ಲಿಮ್ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರೂ ಆದರು.

ತಾವು ಪಡೆದ ಸೂರನ್ನು ಅವರು ಮರೆಯಲಿಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಅಕಾಡೆಮಿ ಆರಂಭವಾಯಿತು. ದೂರದ ಅಲ್ಮೋರದಿಂದ ಬಂದು ಅಲ್ಲಿ ಕಲಿತ ಲಕ್ಷ್ಯ ಸೇನ್ 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಅದೇ ಸಿಂಗಲ್ಸ್ ಚಿನ್ನವನ್ನು ಗೆದ್ದರು. ಅದಕ್ಕೂ ಮೊದಲು, 2010ರ ದೆಹಲಿ ಕೂಟದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಅವರೊಡಗೂಡಿ ಮಹಿಳೆಯರ ಡಬಲ್ಸ್ ಚಿನ್ನವನ್ನು ತಂದಿದ್ದರು.

ಈಗ ಒಂದು ಬೇಸರದ ಸಂಗತಿ. 1966ರ ಕಿಂಗ್‌ಸ್ಟನ್ ಕೂಟದಿಂದ 2022ರವರೆಗೆ ಒಮ್ಮೆಯೂ ತಪ್ಪದೆ ಬಂದ ಬ್ಯಾಡ್ಮಿಂಟನ್ನನ್ನು 2026ರ ಗ್ಲಾಸ್ಗೋ ಕೂಟದ ಹತ್ತು ಕ್ರೀಡೆಗಳ ಪಟ್ಟಿಗೆ ಸೇರಿಸಲಿಲ್ಲ. ವೆಚ್ಚ ತಗ್ಗಿಸುವ ಸಲುವಾಗಿ ಪಟ್ಟಿಯನ್ನೇ ಕಿರಿದುಗೊಳಿಸಿದರು. ಎಡ್ಮಂಟನ್ನಿನಲ್ಲಿ ನಮ್ಮವರಿಗೆ ತೆರೆದ ಬಾಗಿಲು ಹೀಗೆ ಮುಚ್ಚಿತು. ಆ ಬಾಗಿಲನ್ನು ತೆರೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಅದಕ್ಕಿಂತ ಮೊದಲಿನ ಬಾಗಿಲೊಂದು ನಮ್ಮ ಕೈಯಲ್ಲೇ ಉಂಟು.

ನಮ್ಮ ಕರಾವಳಿಯ ಊರುಗಳಲ್ಲಿ ಇಂದು ಕಲ್ಯಾಣಮಂಟಪಗಳಿಗೆ ಕೊರತೆಯಿಲ್ಲ. ಮಳೆಗಾಲದಲ್ಲಿ ಬಯಲಾಟ ಅಸಾಧ್ಯ. ಅಡಕೆಯ ಕಂಬವೂ ನಿಲ್ಲದು, ಮೀನುಬಲೆಯೂ ನಿಲ್ಲದು. ಹುಡುಗರಿಗೆ ಸೂರು ಅತ್ಯಂತ ಅಗತ್ಯವಾದ ಆ ಆಷಾಢದಲ್ಲಿಯೇ ಮದುವೆಗಳೂ ಇಲ್ಲ. ಮಂಟಪಗಳು ಬೀಗ ಹಾಕಿಕೊಂಡು ನಿಂತಿರುತ್ತವೆ! ಒಂದು ಕೋರ್ಟಿಗೆ ಬೇಕಾದದ್ದು 13.40 ಮೀಟರು ಉದ್ದ, 6.10 ಮೀಟರು ಅಗಲದ ನೆಲ, ಸುತ್ತ ಸ್ವಲ್ಪ ತೆರಪು, ಸಾಕಷ್ಟು ಎತ್ತರದ ಸೂರು. ಎಲ್ಲ ಮಂಟಪಗಳೂ ಇದಕ್ಕೆ ಒದಗಲಾರವು. ಒದಗುವಂಥವುಗಳಲ್ಲಿ ಬಿಳಿಯ ಗೆರೆಯೆಳೆದು, ದಿನಕ್ಕೆರಡು ಗಂಟೆ ಬೀಗ ತೆಗೆಯಲು ಹೆಚ್ಚಿನ ಹಣವೇನೂ ಬೇಡ, ಮನಸ್ಸು ಬೇಕು. ಮಲ್ಲೇಶ್ವರದ ಹಿರಿಯರು ಅಂದು ಅಷ್ಟನ್ನೇ ಮಾಡಿದ್ದರು.

ಆ ಸಂಜೆ ಗಾಳಿ ಬಿತ್ತು. ಹುಡುಗರು ಎದ್ದು ಆಟಕ್ಕಿಳಿದರು. ಕಾಕು ಬಲೆಯ ಮೇಲೆ ನೆಟ್ಟಗೆ ಹಾರಿತು, ಬಂತು, ಮತ್ತೆ ಹಾರಿತು. ಇಪ್ಪತ್ತು ನಿಮಿಷ ಕಳೆದಿರಬಹುದು. ಕತ್ತಲಾಗಿ ಕಾಕು ಕಾಣದಾಯಿತು. ಬಲೆ ಬಿಚ್ಚಿ ಮನೆಗೆ ಹೋದರು. ಅವರಲ್ಲೊಬ್ಬ ಪ್ರಕಾಶನಿದ್ದನೋ ಇಲ್ಲವೋ ನಾನು ಹೇಳಲಾರೆ. ಇಪ್ಪತ್ತು ನಿಮಿಷಗಳಲ್ಲಿ ಯಾರೂ ಹೇಳಲಾರರು.