ಕಾಡುನೀಲಿಯ ಗುರುತು

ನೀಲಿ ಎಂಬ ಮಾತು ಕನ್ನಡದಲ್ಲಿ ಬಣ್ಣಕ್ಕೂ ಸಲ್ಲುತ್ತದೆ, ಗಿಡಕ್ಕೂ ಸಲ್ಲುತ್ತದೆ. ಬಣ್ಣವನ್ನು ಕೊಡುವ ಗಿಡವನ್ನೂ, ಅದನ್ನು ನೋಟದಲ್ಲಿ ಮಾತ್ರ ಹೋಲುವ ಗಿಡಗಳನ್ನೂ ಜನರು ನೀಲಿ, ಕಾಡುನೀಲಿ ಎಂದು ಕರೆಯುವುದರಿಂದ ತೊಡಕು ಉಂಟಾಗಿದೆ. ಹಲವು ನುಡಿಗಳು ಒಂದೇ ಓಣಿಯಲ್ಲಿ ಕೂಡುವ ಧಾರಾವಿಯಂತಹ ಸ್ಥಳದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಕನ್ನಡಿಗರ ನೀಲಿ ಮರಾಠಿಗರಿಗೆ ಗುಳಿ, ತಮಿಳರಿಗೆ ಅವುರಿ. ನಮ್ಮ ಕೊಗ್ಗಿಲಿ ಮರಾಠಿಯಲ್ಲಿ ಉನ್ಹಾಳಿ, ಸಂಸ್ಕೃತದಲ್ಲಿ ಶರಪುಂಖ. ಇಂಗ್ಲಿಷರು ಈ ಕೊಗ್ಗಿಲಿಯನ್ನೇ ಕಾಡುನೀಲಿ ಎಂದರು; ಅಮೆರಿಕದವರಾದರೋ ಬ್ಯಾಪ್ಟಿಸಿಯಾ ಎಂಬ ಬೇರೊಂದು ಕುಲಕ್ಕೆ ಆ ಹೆಸರನ್ನು ಕೊಟ್ಟಿದ್ದಾರೆ. ಹೀಗಿರುವಾಗ ಹೆಸರನ್ನು ನಂಬಿ ಗಿಡವನ್ನು ಗುರುತಿಸುವುದು ಸಾಧ್ಯವಿಲ್ಲ, ಗಿಡವನ್ನೇ ಪರೀಕ್ಷಿಸಬೇಕು.

ಇವೆಲ್ಲವೂ ಅವರೆಯ ವಂಶಕ್ಕೆ ಸೇರಿದವು. ನಿಜವಾದ ನೀಲಿ ಇಂಡಿಗೋಫೆರಾ ಕುಲದ್ದು. ಈ ಕುಲದಲ್ಲಿ ಸುಮಾರು 750 ಜಾತಿಗಳುಂಟು. ಕೊಗ್ಗಿಲಿ ಟೆಫ್ರೋಸಿಯಾ ಕುಲದ್ದು. ಎರಡಕ್ಕೂ ಗರಿಯಂತೆ ಜೋಡಿಸಿದ ಕಿರುಎಲೆಗಳಿವೆ. ಹೂವುಗಳಲ್ಲಿಯೂ ಕೆಂಪು ಛಾಯೆ ಕಾಣುತ್ತದೆ. ಆದುದರಿಂದ ಹೂವಿನ ಬಣ್ಣ ನಂಬತಕ್ಕ ಲಕ್ಷಣವಲ್ಲ. ನಂಬತಕ್ಕವು ಮೂರು: ಎಲೆಯ ಹರಿತ, ರೋಮ, ಕಾಯಿ.

ಕೊಗ್ಗಿಲಿಯ ಕಿರುಎಲೆಯ ತುದಿಯನ್ನು ಹಿಡಿದು ಎಳೆದರೆ ಅದು ಅಡ್ಡವಾಗಿ ಹರಿಯದೆ, ಬಾಣದ ಹಿಂಬದಿಯ ಗರಿಯಂತೆ ಕವಲಾಗಿ ಹರಿಯುತ್ತದೆ. ನಡುನರದಿಂದ ಅಂಚಿನವರೆಗೆ ಓರೆಯಾಗಿ, ಒತ್ತಾಗಿ, ಸಮಾನಾಂತರವಾಗಿ ಓಡುವ ನರಗಳೇ ಇದಕ್ಕೆ ಕಾರಣ. ಶರಪುಂಖ ಎಂಬ ಹೆಸರಿನ ಅರ್ಥವೂ ಬಾಣದ ಗರಿ ಎಂಬುದೇ. ನೀಲಿಯ ಎಲೆ ಹೀಗೆ ಹರಿಯುವುದಿಲ್ಲ.

ಎರಡನೆಯ ಗುರುತಿಗೆ ಒಂದು ಸಾಧಾರಣ ಭೂತಗನ್ನಡಿ ಸಾಕು. ಇಂಡಿಗೋಫೆರಾದ ರೋಮವು ನಡುವಿನಲ್ಲಿ ಎಲೆಗೆ ಅಂಟಿಕೊಂಡು, ತಕ್ಕಡಿಯ ದಂಡಿಗೆಯಂತೆ ಎರಡು ಕಡೆಗೂ ಚಾಚಿರುತ್ತದೆ. ಟೆಫ್ರೋಸಿಯಾದ ರೋಮ ಸಾಮಾನ್ಯ ಕೂದಲಿನಂತೆ ಒಂದೇ ಕಡೆಗೆ ಬೆಳೆಯುತ್ತದೆ.

ಕುಲವು ತಿಳಿದ ಮೇಲೆ ಜಾತಿಯನ್ನು ನಿರ್ಣಯಿಸುವುದು ಕಾಯಿ. ನಮ್ಮ ನೀಲಿ, ಅಂದರೆ ಇಂಡಿಗೋಫೆರಾ ಟಿಂಕ್ಟೋರಿಯಾ, ನೆಟ್ಟಗಿನ ಅಥವಾ ತುಸುವೇ ಬಾಗಿದ, ಎರಡು ಮೂರು ಸೆಂಟಿಮೀಟರ್ ಉದ್ದದ ತೆಳು ಕಾಯಿಗಳನ್ನು ಬಿಡುತ್ತದೆ. ಅಮೆರಿಕದ ಉಷ್ಣವಲಯದಿಂದ ಬಂದ ಸಫ್ರುಟಿಕೋಸಾ ಜಾತಿಯ ಕಾಯಿ ಗಿಡ್ಡ; ಕುಡುಗೋಲಿನಂತೆ ಬಾಗಿ ಗೊಂಚಲಾಗಿ ಕೆಳಮುಖವಾಗಿರುತ್ತದೆ. ಎಲೆಯಲ್ಲಿ ಬಹಳ ಹೋಲುವ ಈ ಎರಡನ್ನೂ ಕಾಯಿ ಕ್ಷಣದಲ್ಲಿ ಬೇರ್ಪಡಿಸುತ್ತದೆ. ಕೆನ್ನೆಗ್ಗಿಲು, ಅಂದರೆ ಲಿನ್ನೈ ಜಾತಿ, ನೆಲಕ್ಕೆ ಹರಡುವ ಗಿಡ. ಅದರ ಕಿರುಎಲೆಗಳು ಎದುರುಬದುರಾಗಿರದೆ ಒಂದಾದ ಮೇಲೊಂದರಂತೆ ಪರ್ಯಾಯವಾಗಿ ನಿಲ್ಲುತ್ತವೆ, ಸಣ್ಣ ಕಾಯಿಯಲ್ಲಿ ಎರಡು ಬೀಜಗಳಿರುತ್ತವೆ. ಲಿನಿಫೋಲಿಯಾ ಜಾತಿಯ ಎಲೆ ಗರಿಯಾಗಿ ಒಡೆಯದೆ ಒಂಟಿಯಾಗಿ, ಹುಲ್ಲಿನಂತೆ ಸಪುರವಾಗಿರುತ್ತದೆ. ಅದರ ಕಾಯಿ ಒಂದೇ ಬೀಜದ ಬೆಳ್ಳನೆಯ ಗುಂಡು.

ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ನೀಲಿಯ ಎಲೆಯಲ್ಲಿರುವ ಇಂಡಿಕನ್ ಎಂಬ ಬಣ್ಣವಿಲ್ಲದ ವಸ್ತುವು ನೀರಿನಲ್ಲಿ ಕೊಳೆತು, ಗಾಳಿ ತಗುಲಿದಾಗ ನೀಲಿಯಾಗುತ್ತದೆ. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಬೆಳೆ ಕುಗ್ಗಿತಾದರೂ, ಎಲೆಯು ಕೇಶತೈಲಕ್ಕೆ, ಕೂದಲಿನ ಬಣ್ಣಕ್ಕೆ ಈಗಲೂ ಬೇಕು. ನೀಲಿಭೃಂಗಾದಿ ತೈಲದ ಹೆಸರನ್ನು ಕೇಳದವರು ವಿರಳ. ಒಂದರ ಬದಲು ಇನ್ನೊಂದನ್ನು ಕಿತ್ತರೆ ಮದ್ದು ಮದ್ದಾಗಿ ಉಳಿಯುವುದಿಲ್ಲ. ಕೆನ್ನೆಗ್ಗಿಲಿನಲ್ಲಿ ಇಂಡೋಸ್ಪಿಸಿನ್ ಎಂಬ ವಿಷಾಂಶವಿದೆ. ಆಸ್ಟ್ರೇಲಿಯಾದಲ್ಲಿ ಇದೇ ಜಾತಿಯನ್ನು ಮೇದ ಕುದುರೆಗಳು ಬರ್ಡ್ಸ್‌ವಿಲ್ ರೋಗಕ್ಕೆ ತುತ್ತಾದುದು ಪ್ರಸಿದ್ಧ. ಪುಡಿಯಾದ ಮೇಲೆ ಎಲೆ, ರೋಮ, ಕಾಯಿ ಯಾವುದೂ ಬರಿಗಣ್ಣಿಗೆ ಸಾಕ್ಷಿ ಹೇಳುವುದಿಲ್ಲ. ಗುರುತು ಆಗಬೇಕಾದುದು ಗಿಡವು ನೆಲದಲ್ಲಿರುವಾಗಲೇ.

ಈ ಕೆಲಸದಲ್ಲಿ ಮುಂಬಯಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತದ ಸಸ್ಯಗ್ರಂಥವು ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳನ್ನೂ ಒಳಗೊಂಡಿದೆ; ತವರಿನ ಗಿಡವೂ ನೆಲಸಿದೂರಿನ ಗಿಡವೂ ಒಂದೇ ಗ್ರಂಥದಲ್ಲಿ ದೊರೆಯುತ್ತವೆ. ಸೇಂಟ್ ಝೇವಿಯರ್ ಕಾಲೇಜಿನ ಬ್ಲಾಟರ್ ಹರ್ಬೇರಿಯಮ್ಮಿನಲ್ಲಿ ಒಣಗಿಸಿಟ್ಟ ಸಸ್ಯಗಳ ದೊಡ್ಡ ಸಂಗ್ರಹವಿದೆ. ಧಾರಾವಿಯ ಮಗ್ಗುಲಲ್ಲಿ ಕಸದ ದಿಬ್ಬವಾಗಿದ್ದ ನೆಲ 1994ರಿಂದ ಮಹಾರಾಷ್ಟ್ರ ನಿಸರ್ಗ ಉದ್ಯಾನವಾಗಿ ಜನರಿಗೆ ತೆರೆದಿದೆ. ಗಿಡಗಳನ್ನು ಕೀಳದೆ ನೋಡಿ ಕಲಿಯಲು ಅಂತಹ ಸ್ಥಳ ತಕ್ಕುದು. ಕೊಗ್ಗಿಲಿ ಮತ್ತು ಕೆನ್ನೆಗ್ಗಿಲುಗಳು ಪಾಳುನೆಲದ, ದಾರಿಬದಿಯ ಸಸ್ಯಗಳಾದುದರಿಂದ ಮಳೆಗಾಲ ಕಳೆದು ಕಾಯಿ ಬಲಿಯುವ ದಿನಗಳಲ್ಲಿ ನಗರವಾಸಿಗಳೂ ಅವನ್ನು ಅರಸಬಹುದು.

ಅರಸುವವರು ಕಾಯಿಸಹಿತವಾದ ಒಂದು ಕೊಂಬೆಯನ್ನು ಒಣಗಿಸಿ, ಸ್ಥಳ, ದಿನಾಂಕಗಳೊಡನೆ ಅಲ್ಲಿಯ ಜನರು ಹೇಳಿದ ಹೆಸರನ್ನೂ, ಅದು ಯಾವ ನುಡಿಯದೆಂಬುದನ್ನೂ ಬರೆದಿಡಬೇಕು. ಲ್ಯಾಟಿನ್ ಹೆಸರು ಎಲ್ಲ ಗ್ರಂಥಗಳಲ್ಲಿಯೂ ಸಿಗುತ್ತದೆ. ಆದರೆ ಊರು ಬಿಟ್ಟು ಬಂದ ಹಿರಿಯರ ನಾಲಗೆಯ ಮೇಲಿರುವ ಗಿಡದ ಹೆಸರು, ಬರೆದಿಡದಿದ್ದರೆ, ಅವರೊಡನೆಯೇ ಹೋಗುತ್ತದೆ.